ಕರ್ನೆಲ್ ಬದಲಿಸಬೇಕೋ, ಗ್ರಾಫಿಕ್ಸ್ ಸೆಟ್ಟಿಂಗ್ ಬದಲಿಸಬೇಕೋ?

2025ರ ಜೂನ್. ಬ್ರಹ್ಮಾವರದ ಗೆಳೆಯನ ಮನೆಯಲ್ಲಿ ಕೂತಿದ್ದೆ. ನಾಲ್ಕು ಗಂಟೆ ಹೊತ್ತಿಗೆ ಗುಡುಗು ಶುರುವಾಯಿತು, ಐದು ನಿಮಿಷಕ್ಕೆ ಕರೆಂಟ್ ಹೋಯಿತು. ಅವನದ್ದು ಮದುವೆ ಆಲ್ಬಂ, ಗೃಹಪ್ರವೇಶದ ಆಮಂತ್ರಣ ಪತ್ರಿಕೆ ವಿನ್ಯಾಸ ಮಾಡುವ ಕೆಲಸ. ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಬದಲು ಲಿನಕ್ಸ್ ಮಿಂಟ್ 22 ಎಂಬ ಕಾರ್ಯವ್ಯವಸ್ಥೆ. "ಇನ್ನು ಎರಡು ಗಂಟೆ ಬರ್ತದೆ, ಅಷ್ಟೇ. ಹೊಸ ಕರ್ನೆಲ್ ಹಾಕಿದ್ರೆ ಬ್ಯಾಟರಿ ಜಾಸ್ತಿ ಬರ್ತದಂತೆ, ಹೌದಾ?" ಅಂತ ಕೇಳಿದ. ಕರ್ನೆಲ್ ಎಂದರೆ ಲಿನಕ್ಸಿನ ತಿರುಳು, ಯಂತ್ರದ ಭಾಗಗಳನ್ನೆಲ್ಲ ನಡೆಸುವ ತಂತ್ರಾಂಶ.

ಅದೇ ತಿಂಗಳು ಮಣಿಪಾಲದಲ್ಲಿ ಓದುವ ಹುಡುಗನೊಬ್ಬ ಬೇರೆಯೇ ಪ್ರಶ್ನೆ ತಂದಿದ್ದ. ರೈಜನ್ ಪ್ರೊಸೆಸರಿನ ಹೊಸ ಲ್ಯಾಪ್‌ಟಾಪ್, ಅದರಲ್ಲಿ ಡೆಬಿಯನ್ 12 ಎಂಬ ಇನ್ನೊಂದು ಬಗೆಯ ಲಿನಕ್ಸ್. ಬಿಸಿ ಎಂದರೆ ತೊಡೆಯ ಮೇಲೆ ಇಟ್ಟುಕೊಳ್ಳಲಾಗದಷ್ಟು. ಪರದೆಯ ಬೆಳಕು ಕಡಿಮೆ ಮಾಡುವ ಕೀ ಒತ್ತಿದರೆ ಏನೂ ಆಗುತ್ತಿರಲಿಲ್ಲ. "ಯಾವ ಪವರ್ ಸೆಟ್ಟಿಂಗ್ ಬದಲಿಸಬೇಕು ಸಾರ್?"

ಗೆಳೆಯ ಕರ್ನೆಲ್ ಕೇಳಿದ, ಅವನಿಗೆ ಬೇಕಿದ್ದದ್ದು ಸೆಟ್ಟಿಂಗ್. ಹುಡುಗ ಸೆಟ್ಟಿಂಗ್ ಕೇಳಿದ, ಅವನಿಗೆ ಬೇಕಿದ್ದದ್ದು ಕರ್ನೆಲ್. ಲಿನಕ್ಸ್ ಹಾಕಿಕೊಂಡ ಹೆಚ್ಚಿನವರು ಎಡವುವುದು ಇಲ್ಲೇ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತ ಮೇಲಂತೂ ನಮ್ಮ ಕಡೆ ಹಳೆ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿಸಿಕೊಳ್ಳುವವರು ಹೆಚ್ಚಾಗಿದ್ದಾರೆ, ಅವರೊಂದಿಗೆ ಈ ಪ್ರಶ್ನೆಯೂ ಬರುತ್ತಿದೆ. ಯಾರಿಗೆ ಯಾವುದು ಎಂದು ನಾನು ಹೇಗೆ ತೀರ್ಮಾನಿಸುತ್ತೇನೆ ಎನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಎರಡು ಸಂಗತಿ ನೋಡಿಕೊಳ್ಳಿ

ಟರ್ಮಿನಲ್ ತೆರೆದು ‘ಯುನೇಮ್ -ಆರ್’ ಆಜ್ಞೆ ಕೊಟ್ಟರೆ ಈಗ ಓಡುತ್ತಿರುವ ಕರ್ನೆಲ್ ಯಾವುದು ಎಂದು ತಿಳಿಯುತ್ತದೆ. ‘ಎಲ್‌ಎಸ್‌ಪಿಸಿಐ -ಕೆ’ ಕೊಟ್ಟರೆ ಯಂತ್ರದೊಳಗಿನ ಸಾಧನಗಳ ಉದ್ದ ಪಟ್ಟಿ ಬರುತ್ತದೆ. ಅದರಲ್ಲಿ ವಿಜಿಎ ಅಥವಾ 3ಡಿ ಕಂಟ್ರೋಲರ್ ಎಂದಿರುವ ಸಾಲುಗಳನ್ನು ಹುಡುಕಿ. ಅದರ ಕೆಳಗೆ ಬಳಕೆಯಲ್ಲಿರುವ ಕರ್ನೆಲ್ ಡ್ರೈವರ್‌ನ ಹೆಸರು ಇರುತ್ತದೆ: ಐ915, ಎಕ್ಸ್‌ಇ, ಎಎಂಡಿಜಿಪಿಯು, ರೇಡಿಯಾನ್, ನೂವೋ, ಎನ್‌ವಿಡಿಯಾ, ಇವುಗಳಲ್ಲಿ ಒಂದು. ಎರಡು ಗ್ರಾಫಿಕ್ಸ್ ಇರುವ ಲ್ಯಾಪ್‌ಟಾಪಿನಲ್ಲಿ ಎರಡು ಸಾಲು ಕಾಣುತ್ತವೆ. ಸಾಲು ಇದ್ದು ಅದರ ಕೆಳಗೆ ಡ್ರೈವರ್ ಹೆಸರೇ ಇಲ್ಲದಿದ್ದರೆ ಕಾಯಿಲೆ ಅಲ್ಲೇ ಉಂಟು.

ಈ ಹೆಸರು ಯಾಕೆ ಅಷ್ಟು ಮುಖ್ಯ? ಇಂಟೆಲ್ ಮತ್ತು ಎಎಂಡಿ ಗ್ರಾಫಿಕ್ಸ್‌ನ ಡ್ರೈವರ್ ಕರ್ನೆಲ್ಲಿನ ಒಳಗೇ ಬರುತ್ತದೆ. ಚಿಪ್ ಎಷ್ಟು ವೇಗದಲ್ಲಿ ಓಡಬೇಕು, ಯಾವಾಗ ನಿದ್ದೆ ಮಾಡಬೇಕು, ಎಷ್ಟು ವೋಲ್ಟ್ ಸಾಕು ಎಂಬುದನ್ನೆಲ್ಲ ನೋಡಿಕೊಳ್ಳುವುದು ಆ ಡ್ರೈವರ್. ಹಾಗಾಗಿ ಅವುಗಳನ್ನು ಬಳಸುವವರಿಗೆ ಕರ್ನೆಲ್ ಬದಲಿಸುವುದೆಂದರೆ ಗ್ರಾಫಿಕ್ಸ್ ಡ್ರೈವರ್ ಬದಲಿಸಿದಂತೆಯೇ. ಎನ್‌ವಿಡಿಯಾದ ಕಂಪನಿ ಡ್ರೈವರ್ ಕರ್ನೆಲ್ಲಿನ ಹೊರಗೆ ನಿಲ್ಲುತ್ತದೆ. ಹೊರಗಿನ ಡ್ರೈವರನ್ನು ಕರ್ನೆಲ್ಲಿಗೆ ಹೊಂದಿಸಿ ಕಟ್ಟುವ ಡಿಕೆಎಂಎಸ್ ಮೂಲಕ ಹಾಕಿದ್ದರೆ ಹೊಸ ಕರ್ನೆಲ್ ಬಂದಾಗಲೆಲ್ಲ ಅದನ್ನು ಹೊಸದಾಗಿ ಕಟ್ಟಬೇಕು. ಕಟ್ಟಲು ಆಗದಿದ್ದರೆ ಮರುದಿನ ಬೆಳಗ್ಗೆ ಕಪ್ಪು ಪರದೆ.

ಇದರ ಜೊತೆ ಇನ್ನೊಂದು: ವ್ಯಾಟ್ ಅಳೆಯಿರಿ. ಇದನ್ನು ಮಾಡದೆ ಯಾವ ಸೆಟ್ಟಿಂಗಿಗೂ ಕೈ ಹಾಕಬೇಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಚಾರ್ಜರ್ ತೆಗೆಯಿರಿ, ಪರದೆಯ ಬೆಳಕನ್ನು ಅರ್ಧಕ್ಕೆ ಇಡಿ, ಬ್ರೌಸರ್ ಮುಚ್ಚಿ, ಹತ್ತು ನಿಮಿಷ ಸುಮ್ಮನೆ ಬಿಡಿ. ಆಮೇಲೆ ಸಿಸ್ ಫೋಲ್ಡರಿನ ಒಳಗೆ ಕ್ಲಾಸ್, ಅದರೊಳಗೆ ಪವರ್ ಸಪ್ಲೈ, ಅದರೊಳಗೆ ಬ್ಯಾಟರಿಯ ಹೆಸರಿನ ಫೋಲ್ಡರ್‌ಗೆ ಹೋಗಿ ‘ಪವರ್ ನೌ’ ಎಂಬ ಫೈಲ್ ಓದಿ. ಅಲ್ಲಿರುವ ಸಂಖ್ಯೆ ಮೈಕ್ರೋವ್ಯಾಟ್‌ನಲ್ಲಿರುತ್ತದೆ. 10 ಲಕ್ಷದಿಂದ ಭಾಗಿಸಿದರೆ ವ್ಯಾಟ್. ಕೆಲವು ಲ್ಯಾಪ್‌ಟಾಪುಗಳಲ್ಲಿ ಆ ಫೈಲ್ ಇರುವುದಿಲ್ಲ, ಕರೆಂಟ್ ಮತ್ತು ವೋಲ್ಟೇಜ್ ಬೇರೆ ಬೇರೆ ಇರುತ್ತವೆ, ಎರಡನ್ನೂ 10 ಲಕ್ಷದಿಂದ ಭಾಗಿಸಿ ಗುಣಿಸಿಕೊಳ್ಳಿ. ನಾಲ್ಕೈದು ಸಲ ಓದಿ, ಒಂದು ಕಾಗದದಲ್ಲಿ ಬರೆದಿಡಿ.

ಬ್ರಹ್ಮಾವರದ ಗೆಳೆಯನ ಲ್ಯಾಪ್‌ಟಾಪ್ ಆ ದಿನ ಏನೂ ಮಾಡದೆ ಕೂತಾಗಲೇ 18 ವ್ಯಾಟ್ ಕುಡಿಯುತ್ತಿತ್ತು. ಹಳತಾದ ಬ್ಯಾಟರಿಯಲ್ಲಿ ಪೂರ್ತಿ ತುಂಬಿದಾಗ ಉಳಿದದ್ದು 36 ವ್ಯಾಟ್-ಅವರ್. 36ನ್ನು 18ರಿಂದ ಭಾಗಿಸಿದರೆ ಅವನು ಹೇಳಿದ ಎರಡು ಗಂಟೆ ಸರಿಯಾಗಿ ಕೂಡಿಬಂತು.

ಕರ್ನೆಲ್: ಇರುವುದನ್ನೇ ಉಳಿಸಿಕೊಳ್ಳುವುದು ಯಾರಿಗೆ ಸರಿ

ವ್ಯವಸ್ಥೆಯ ಜೊತೆಗೇ ಬಂದ ಕರ್ನೆಲ್ ಅಂದರೆ ಉಬುಂಟು ಎಂಬ ಲಿನಕ್ಸಿನ 24.04 ಆವೃತ್ತಿಗೆ 6.8, ಅದರ ಮೇಲೆ ಕಟ್ಟಿದ ಮಿಂಟ್ 22ಕ್ಕೂ ಅದೇ. ಉಬುಂಟು 22.04ಕ್ಕೆ 5.15. 2023ರ ಜೂನ್‌ನಲ್ಲಿ ಬಂದ ಡೆಬಿಯನ್ 12ಕ್ಕೆ 6.1, 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ಕ್ಕೆ 6.12. ಈ ಸಂಖ್ಯೆ ಹಳೆಯದಾಗಿ ಕಂಡರೆ ಹೆದರಬೇಕಾಗಿಲ್ಲ. ಭದ್ರತೆಯ ದೋಷಗಳಿಗೆ ತೇಪೆ ಹಾಕುವ ಕೆಲಸ ಅದೇ ಕರ್ನೆಲ್ಲಿನ ಮೇಲೆ ನಡೆಯುತ್ತಲೇ ಇರುತ್ತದೆ. ಮೊದಲ ಎರಡು ಅಂಕಿ ಮಾತ್ರ ಹಾಗೇ ಇರುತ್ತವೆ, ಕೊನೆಯ ಅಂಕಿಗಳು ಏರುತ್ತ ಹೋಗುತ್ತವೆ.

ನಿಮ್ಮ ಗ್ರಾಫಿಕ್ಸ್ ಚಿಪ್ ಆ ಕರ್ನೆಲ್ಲಿಗಿಂತ ಎರಡು ಮೂರು ವರ್ಷ ಹಳೆಯದಾಗಿದ್ದರೆ ಅದಕ್ಕೆ ಬೇಕಾದ ಕೆಲಸವೆಲ್ಲ ಬಹುತೇಕ ಆಗಲೇ ಮುಗಿದಿರುತ್ತದೆ. 2019ರ ಇಂಟೆಲ್ ಲ್ಯಾಪ್‌ಟಾಪಿಗೆ 6.8ರ ಬದಲು 6.14 ಹಾಕಿ ಬ್ಯಾಟರಿ ಏರುತ್ತದೆಂದು ಕಾಯುವವರನ್ನು ನೋಡಿದ್ದೇನೆ. ಅಳೆದು ನೋಡಿದರೆ ವ್ಯತ್ಯಾಸ ಅರ್ಧ ವ್ಯಾಟ್‌ನ ಒಳಗೆ, ಅದೂ ಒಮ್ಮೆ ಆಚೆ ಒಮ್ಮೆ ಈಚೆ.

ಹಳೆ ಕರ್ನೆಲ್ ಉಳಿಸಿಕೊಳ್ಳಲೇಬೇಕಾದ ಒಂದು ಗುಂಪು ಉಂಟು: ಹಳೆ ಎನ್‌ವಿಡಿಯಾ ಕಾರ್ಡ್ ಇಟ್ಟುಕೊಂಡವರು. ಕೆಪ್ಲರ್ ತಲೆಮಾರಿನ ಕಾರ್ಡಿಗೆ 470 ಸರಣಿಯ ಡ್ರೈವರೇ ಕೊನೆ, ಅದಕ್ಕೂ ಹಿಂದಿನ ಫರ್ಮಿಗೆ 390. ಕಂಪನಿ ಇವುಗಳನ್ನು ಕೈಬಿಟ್ಟಾಗಿದೆ. ಕರ್ನೆಲ್ಲಿನ ಒಳಗಿನ ಹೊಂದಿಕೆ ಪ್ರತಿ ಆವೃತ್ತಿಯಲ್ಲೂ ಬದಲಾಗುವುದರಿಂದ ಹೊಸ ಕರ್ನೆಲ್ ಹಾಕುತ್ತ ಹೋದರೆ ಒಂದು ದಿನ ಆ ಡ್ರೈವರ್ ಕಟ್ಟಿಕೊಳ್ಳುವುದು ನಿಲ್ಲುತ್ತದೆ. ಮಂಗಳೂರಿನ ಒಂದು ಫೋಟೋ ಸ್ಟುಡಿಯೋದಲ್ಲಿ ಅಂಥ ಡೆಸ್ಕ್‌ಟಾಪ್ ಇನ್ನೂ ದಿನವೂ ಕೆಲಸ ಮಾಡುತ್ತದೆ. ಅಲ್ಲಿ ನಾನು ಉಬುಂಟು 22.04ರ 5.15ನ್ನೇ ಉಳಿಸಿದ್ದೇನೆ. ಅದಕ್ಕೆ 2027ರ ಏಪ್ರಿಲ್ ತನಕ ತೇಪೆ ಬರುತ್ತದೆ. ಅಷ್ಟರಲ್ಲಿ ಕಾರ್ಡ್ ಬದಲಿಸಿ ಎಂದು ಮಾಲೀಕರಿಗೆ ಹೇಳಿಯೂ ಆಗಿದೆ.

ಹೊಸ ಕರ್ನೆಲ್, ಆದರೆ ಮನೆಯ ಅಂಗಳದ್ದೇ

ಯಂತ್ರ ಹೊಸದು, ಕರ್ನೆಲ್ ಹಳೆಯದು ಎಂದಾಗ ಅಪ್‌ಗ್ರೇಡ್ ನಿಜಕ್ಕೂ ಬೇಕು. ಆದರೆ ಅದನ್ನು ಎಲ್ಲಿಂದ ತರುವುದು ಎಂಬುದರಲ್ಲಿ ದೊಡ್ಡ ವ್ಯತ್ಯಾಸ ಉಂಟು.

ಉಬುಂಟುವಿನವರು ಎಚ್‌ಡಬ್ಲ್ಯುಇ ಎಂಬ ಹೆಸರಿನಲ್ಲಿ ಆರು ತಿಂಗಳಿಗೊಮ್ಮೆ ಹೊಸ ಕರ್ನೆಲ್ ಕೊಡುತ್ತಾರೆ. 24.04ರಲ್ಲಿ 2025ರ ಫೆಬ್ರವರಿಗೆ 6.11, ಆಗಸ್ಟ್‌ಗೆ 6.14 ಬಂತು. ಉಬುಂಟು ಡೆಸ್ಕ್‌ಟಾಪ್ ಹಾಕಿಕೊಂಡವರಿಗೆ ಇದು ತಾನಾಗಿಯೇ ಬರುತ್ತದೆ. ಎಷ್ಟೋ ಜನರಿಗೆ ತಾವು ಆಗಲೇ ಹೊಸ ಕರ್ನೆಲ್ಲಿನಲ್ಲಿದ್ದೇವೆ ಎಂಬುದೇ ಗೊತ್ತಿರುವುದಿಲ್ಲ. ಮಿಂಟ್‌ನಲ್ಲಿ ಅಪ್‌ಡೇಟ್ ಮ್ಯಾನೇಜರ್ ತೆರೆದು, ವ್ಯೂ ಮೆನುವಿನಲ್ಲಿ ಲಿನಕ್ಸ್ ಕರ್ನೆಲ್ಸ್ ಎಂಬಲ್ಲಿ ಹೋದರೆ ಪಟ್ಟಿ ಸಿಗುತ್ತದೆ, ಅಲ್ಲಿಂದಲೇ ಹಾಕಬಹುದು, ಅಲ್ಲಿಂದಲೇ ತೆಗೆಯಬಹುದು. ಡೆಬಿಯನ್‌ನಲ್ಲಿ ಬ್ಯಾಕ್‌ಪೋರ್ಟ್ಸ್ ಎಂಬ ಭಂಡಾರ. ಈ ಮೂರೂ ಕಡೆ ಕರ್ನೆಲ್‌ಗೆ ಸಹಿ ಇರುತ್ತದೆ, ಹಾಗಾಗಿ ಸಹಿ ಇಲ್ಲದ್ದನ್ನು ಏಳಲು ಬಿಡದ ಸೆಕ್ಯೂರ್ ಬೂಟ್ ತಕರಾರು ಮಾಡುವುದಿಲ್ಲ.

ಮಣಿಪಾಲದ ಹುಡುಗನ ಕಥೆ ಇಲ್ಲಿಗೆ ಸೇರಿದ್ದು. ಅವನ ಲ್ಯಾಪ್‌ಟಾಪಿನಲ್ಲಿ ಇದ್ದದ್ದು ರೈಜನ್ 7040 ಸರಣಿಯ ಚಿಪ್, 2023ರದ್ದು. ಸೆಟ್ಟಿಂಗ್ಸ್‌ನಲ್ಲಿ ಯಂತ್ರದ ವಿವರ ತೆರೆದೆ. ಗ್ರಾಫಿಕ್ಸ್ ಎಂಬಲ್ಲಿ ರೇಡಿಯಾನ್ ಎಂದು ಇರಬೇಕಾದ ಜಾಗದಲ್ಲಿ ‘ಎಲ್‌ಎಲ್‌ವಿಎಂಪೈಪ್’ ಎಂದಿತ್ತು. ಅಂದರೆ ಗ್ರಾಫಿಕ್ಸ್ ಚಿಪ್ ಕೈಕಟ್ಟಿ ಕೂತಿದೆ, ಪರದೆಯ ಪ್ರತಿ ಚುಕ್ಕಿಯನ್ನೂ ಪ್ರೊಸೆಸರೇ ಬಿಡಿಸುತ್ತಿದೆ. ಬಿಸಿ ಬಂದದ್ದು ಅದರಿಂದ. ಬೆಳಕಿನ ಕೀ ಕೆಲಸ ಮಾಡದ್ದೂ ಅದರಿಂದಲೇ, ಪರದೆಯ ಬೆಳಕನ್ನು ಆಳುವ ಡ್ರೈವರೇ ಎದ್ದಿರಲಿಲ್ಲ. ಈ ಸ್ಥಿತಿಯಲ್ಲಿ ಜಗತ್ತಿನ ಯಾವ ಪವರ್ ಸೆಟ್ಟಿಂಗೂ ಉಪಯೋಗಕ್ಕೆ ಬರುವುದಿಲ್ಲ.

ಬ್ಯಾಕ್‌ಪೋರ್ಟ್ಸ್‌ನಿಂದ 6.12 ಕರ್ನೆಲ್ ಹಾಕಿದೆವು. ಮರುಚಾಲನೆ ಮಾಡಿದರೂ ಅದೇ ಎಲ್‌ಎಲ್‌ವಿಎಂಪೈಪ್! ಕರ್ನೆಲ್ಲಿನ ಸಂದೇಶಗಳನ್ನು ತೋರಿಸುವ ಡಿಮೆಸೇಜ್ ಆಜ್ಞೆ ಕೊಟ್ಟು ಓದಿದಾಗ ಎಎಂಡಿಜಿಪಿಯು ಡ್ರೈವರ್ ಎದ್ದಿತ್ತು, ಆದರೆ ಚಿಪ್‌ಗೆ ತುಂಬಬೇಕಾದ ಫರ್ಮ್‌ವೇರ್ ಎಂಬ ಪುಟ್ಟ ತಂತ್ರಾಂಶದ ಫೈಲ್ ಸಿಗದೆ ಹಿಂದೆ ಸರಿದಿತ್ತು. ಕರ್ನೆಲ್ ಹೊಸದು ಹಾಕಿದವರು ಫರ್ಮ್‌ವೇರ್ ಪೊಟ್ಟಣವನ್ನೂ ಅದೇ ಬ್ಯಾಕ್‌ಪೋರ್ಟ್ಸ್‌ನಿಂದ ತರಬೇಕು. ಇದನ್ನು ಮರೆಯುವವರು ತುಂಬ ಜನ, ಆ ದಿನ ನಾನೂ ಮರೆತಿದ್ದೆ. ತಂದು ಹಾಕಿದ ಮೇಲೆ ರೇಡಿಯಾನ್ 780ಎಂ ಎಂಬ ಹೆಸರು ಬಂತು, ಬೆಳಕಿನ ಕೀ ಕೆಲಸ ಮಾಡಿತು, ಫ್ಯಾನ್ ಸದ್ದು ಇಳಿಯಿತು. ಒಂದೇ ಒಂದು ಪವರ್ ಸೆಟ್ಟಿಂಗ್ ಮುಟ್ಟಲಿಲ್ಲ. ಈಗ ಅಂಥ ಯಂತ್ರಕ್ಕೆ ನೇರ ಡೆಬಿಯನ್ 13 ಹಾಕಿದರೆ ಈ ಸುತ್ತಾಟ ಬೇಕಾಗುವುದಿಲ್ಲ.

ಕರ್ನೆಲ್ ಒಂದರಿಂದಲೇ ಇಷ್ಟು ಬದಲಾವಣೆ ಆಗುವುದು ಹೊಸತೇನಲ್ಲ. ನನ್ನ ಮೊದಲ ಲ್ಯಾಪ್‌ಟಾಪಿನಲ್ಲಿ ರೇಡಿಯಾನ್ ಎಚ್‌ಡಿ 6000 ಸರಣಿಯ ಚಿಪ್ ಇತ್ತು, ಉಬುಂಟು 12.04, ಕರ್ನೆಲ್ 3.2. ಉಡುಪಿಯ ಮೇ ತಿಂಗಳ ಸೆಖೆಯಲ್ಲಿ ಅದರ ಫ್ಯಾನ್ ಬೆಳಗ್ಗಿನಿಂದ ರಾತ್ರಿವರೆಗೆ ಕಿರುಚುತ್ತಿತ್ತು. ಆಗಿನ ಮುಕ್ತ ಡ್ರೈವರ್‌ಗೆ ಕೆಲಸಕ್ಕೆ ತಕ್ಕಂತೆ ವೇಗ ಇಳಿಸುವುದು ಸರಿಯಾಗಿ ಬರುತ್ತಿರಲಿಲ್ಲ. ‘ಪವರ್ ಪ್ರೊಫೈಲ್’ ಎಂಬ ಫೈಲಿಗೆ ‘ಲೋ’ ಎಂದು ಬರೆದರೆ ತಣ್ಣಗಾಗುತ್ತಿತ್ತು, ಆದರೆ ಪರದೆ ಮಿಣುಕುತ್ತಿತ್ತು. 2013ರ ಸೆಪ್ಟೆಂಬರಿನಲ್ಲಿ ಬಂದ 3.11 ಕರ್ನೆಲ್ ಕೆಲಸಕ್ಕೆ ತಕ್ಕಂತೆ ವೇಗ ಏರಿಳಿಸುವ ಡಿಪಿಎಂ ಎಂಬ ವ್ಯವಸ್ಥೆಯನ್ನು ತಂದಿತು; ಆಗ ಅದನ್ನು ಬೂಟ್ ಸಾಲಿನಲ್ಲಿ ಕೈಯಾರೆ ಆನ್ ಮಾಡಬೇಕಿತ್ತು. 2014ರ ಜನವರಿಯ 3.13ರಿಂದ ಬಹಳಷ್ಟು ರೇಡಿಯಾನ್ ಚಿಪ್‌ಗಳಿಗೆ ಅದು ತಾನಾಗಿಯೇ ಆನ್ ಆಯಿತು. ಉಬುಂಟು 14.04ರಲ್ಲಿ ಇದ್ದದ್ದು ಅದೇ 3.13. ಹಾಕಿದ ರಾತ್ರಿ ಕೋಣೆಯಲ್ಲಿ ಮೊದಲ ಸಲ ಸೀಲಿಂಗ್ ಫ್ಯಾನಿನ ಸದ್ದು ಮಾತ್ರ ಕೇಳಿಸಿತು. ಎರಡು ವರ್ಷ ನಾನು ಸ್ಕ್ರಿಪ್ಟ್ ಬರೆದು ಪಟ್ಟ ಪಾಡಿಗೆ ಒಂದು ಅಪ್‌ಗ್ರೇಡ್ ಉತ್ತರ ಕೊಟ್ಟಿತ್ತು.

ಮೇನ್‌ಲೈನ್, ಮತ್ತು ಇತರ ದಾರಿಗಳು

ಲಿನಕ್ಸ್ ಕರ್ನೆಲ್ಲಿನ ಜನಕ ಲಿನಸ್ ಟೊರ್ವಾಲ್ಡ್ಸ್ 9–10 ವಾರಕ್ಕೊಮ್ಮೆ ಹೊಸ ಆವೃತ್ತಿ ಬಿಡುತ್ತಾರೆ. ಅದನ್ನು ಹಾಗೇ ಕಟ್ಟಿದ ಮೇನ್‌ಲೈನ್ ಪೊಟ್ಟಣಗಳನ್ನು ಉಬುಂಟುವಿನವರು ಪರೀಕ್ಷೆಗೆಂದು ಇಟ್ಟಿರುತ್ತಾರೆ. ಅದಕ್ಕೆ ಸೆಕ್ಯೂರ್ ಬೂಟ್ ಒಪ್ಪುವ ಸಹಿ ಇಲ್ಲ, ಭದ್ರತೆಯ ತೇಪೆ ತಾನಾಗಿ ಬರುವುದಿಲ್ಲ, ಎನ್‌ವಿಡಿಯಾ ಡ್ರೈವರ್ ಕಟ್ಟಿಕೊಳ್ಳುತ್ತದೆ ಎಂಬ ಖಾತ್ರಿಯೂ ಇಲ್ಲ. ನಾನು ಅದನ್ನು ಬಳಸುವುದು ಒಂದೇ ಕಾರಣಕ್ಕೆ: ಒಂದು ದೋಷ ಮುಂದಿನ ಆವೃತ್ತಿಯಲ್ಲಿ ಸರಿಯಾಗಿದೆಯೇ ಎಂದು ಒಂದು ಗಂಟೆ ನೋಡಿ ತೆಗೆದುಬಿಡಲು. ದಿನನಿತ್ಯದ ಕೆಲಸದ ಯಂತ್ರಕ್ಕೆ ಬೇಡ. ಕ್ಸಾನ್‌ಮಾಡ್, ಲಿಕೊರಿಕ್ಸ್ ಮುಂತಾದವು ವೇಗಕ್ಕೆಂದು ಹದ ಮಾಡಿದ ಕರ್ನೆಲ್‌ಗಳು, ಬ್ಯಾಟರಿ ಉಳಿಸಲು ಅವುಗಳ ಹಿಂದೆ ಹೋಗಬೇಕಾಗಿಲ್ಲ.

ಫೆಡೋರಾ ಬಳಸುವವರಿಗೆ ಈ ಆಯ್ಕೆಯ ಪ್ರಶ್ನೆಯೇ ಕಡಿಮೆ. ಅಲ್ಲಿ ಹೊಸ ಕರ್ನೆಲ್ ತಾನಾಗಿ ಬರುತ್ತ ಇರುತ್ತದೆ, ಮೂರು ಆವೃತ್ತಿ ಉಳಿದಿರುತ್ತವೆ. ಆರ್ಚ್ ಬಳಸುವವರು ದೀರ್ಘಕಾಲ ತೇಪೆ ಸಿಗುವ ಎಲ್‌ಟಿಎಸ್ ಕರ್ನೆಲ್ ಒಂದನ್ನು ಪಕ್ಕದಲ್ಲಿ ಹಾಕಿಟ್ಟುಕೊಳ್ಳಿ. ಅಲ್ಲಿ ಅಪ್‌ಡೇಟ್ ಆದ ಕೂಡಲೇ ಹಳೆಯದು ಅಳಿದುಹೋಗುತ್ತದೆ, ಹಿಂದೆ ಹೋಗಲು ದಾರಿ ಇರುವುದಿಲ್ಲ.

ಇಂಟೆಲ್ ಆದರೆ

ಇನ್ನು ಗ್ರಾಫಿಕ್ಸ್ ಸೆಟ್ಟಿಂಗ್‌ಗೆ ಬರೋಣ. ಇಲ್ಲಿ ಹೆಚ್ಚು ಹೇಳಲಿಕ್ಕೇ ಇಲ್ಲ. ಮುಟ್ಟಬೇಡಿ. ಹಳೆ ಬರಹಗಳಲ್ಲಿ ಕೆಲಸವಿಲ್ಲದಾಗ ಚಿಪ್ ಮಲಗಿಸುವ ಆರ್‌ಸಿ6 ಆನ್ ಮಾಡುವ ಸಾಲನ್ನು, ಕರ್ನೆಲ್ಲನ್ನು ಎಬ್ಬಿಸುವ ಗ್ರಬ್‌ಗೆ ಸೇರಿಸಿ ಎಂದಿರುತ್ತದೆ. ಆ ಆಯ್ಕೆಯನ್ನೇ 4.16 ಕರ್ನೆಲ್ಲಿನಲ್ಲಿ ತೆಗೆದುಹಾಕಿದ್ದಾರೆ, ಆರ್‌ಸಿ6 ಈಗ ತಾನಾಗಿ ಕೆಲಸ ಮಾಡುತ್ತದೆ. ಪರದೆ ಮಿಣುಕಿದರೆ ಅಥವಾ ಟೈಪ್ ಮಾಡುವಾಗ ಅಕ್ಷರ ತಡವಾಗಿ ಮೂಡಿದರೆ ಮಾತ್ರ ಪಿಎಸ್‌ಆರ್, ಅಂದರೆ ಪರದೆ ತನ್ನ ಚಿತ್ರವನ್ನು ತಾನೇ ಹಿಡಿದಿಟ್ಟುಕೊಂಡು ಚಿಪ್‌ಗೆ ವಿಶ್ರಾಂತಿ ಕೊಡುವ ವ್ಯವಸ್ಥೆ, ಅದನ್ನು ಐ915ರ ‘ಎನೇಬಲ್ ಪಿಎಸ್‌ಆರ್’ ಆಯ್ಕೆಗೆ 0 ಕೊಟ್ಟು ನಿಲ್ಲಿಸಿ ನೋಡಿ. ಬ್ಯಾಟರಿ ಸ್ವಲ್ಪ ಬೇಗ ಇಳಿಯುತ್ತದೆ, ಕಣ್ಣಿಗೆ ಹಿತ. ಮುಂದಿನ ಕರ್ನೆಲ್ ಬಂದಾಗ ಆ ಸಾಲು ತೆಗೆದು ಮತ್ತೊಮ್ಮೆ ಪರೀಕ್ಷಿಸಿ. ಎಷ್ಟೋ ಸಲ ಅಷ್ಟರಲ್ಲಿ ಸರಿಯಾಗಿರುತ್ತದೆ.

ಎಎಂಡಿ ಆದರೆ

ಡಿಪಿಎಂ ಮಟ್ಟವನ್ನು ಹೇಳುವ ಫೈಲಿನಲ್ಲಿ ಆಟೋ, ಲೋ, ಹೈ, ಮ್ಯಾನುಯಲ್ ಎಂಬ ಆಯ್ಕೆಗಳಿವೆ. ಲೋ ಎಂದು ಕಟ್ಟಿಹಾಕಿದರೆ ಸುಮ್ಮನೆ ಕೂತಾಗ ಉಳಿಯುವುದು ಅತ್ಯಲ್ಪ. ಆಟೋದಲ್ಲೂ ಚಿಪ್ ಕೆಲಸವಿಲ್ಲದಾಗ ಕೆಳಗೇ ಇಳಿದಿರುತ್ತದೆ. ಆದರೆ ಲೋ ಇಟ್ಟು ದೊಡ್ಡ ಮಾನಿಟರ್ ಜೋಡಿಸಿದಾಗ ವಿಡಿಯೋ ತಡವರಿಸುತ್ತದೆ. ಹೈ ಇಟ್ಟರೆ ಬಿಸಿ. ಆಟೋವನ್ನೇ ಇಡಿ.

ಚಿತ್ರದ ಕೆಲಸ ಮಾಡುವವರು ಒಂದನ್ನು ಗಮನಿಸಬೇಕು. ಇತ್ತೀಚಿನ ಕರ್ನೆಲ್ ಮತ್ತು ಪವರ್ ಸೇವರ್, ಪರ್ಫಾರ್ಮೆನ್ಸ್ ಮುಂತಾದ ಆಯ್ಕೆ ಕೊಡುವ ಪವರ್ ಪ್ರೊಫೈಲ್ಸ್ ಡೀಮನ್ ಜೊತೆ ಸೇರಿದಾಗ, ಬ್ಯಾಟರಿಯಲ್ಲಿ ಓಡುವ ಎಎಂಡಿ ಲ್ಯಾಪ್‌ಟಾಪ್ ಪರದೆಯ ಹಿಂಬೆಳಕನ್ನು ತಗ್ಗಿಸಿ ಅದನ್ನು ಸರಿದೂಗಿಸಲು ಚಿತ್ರದ ಬಣ್ಣ, ಕಾಂಟ್ರಾಸ್ಟ್ ಬದಲಿಸಬಹುದು. ಓದುಬರಹಕ್ಕೆ ತೊಂದರೆ ಇಲ್ಲ. ಆದರೆ ಮದುಮಗಳ ಸೀರೆಯ ಅರಶಿನ ಬಣ್ಣ ಸರಿಯಾಗಿದೆಯೇ ಎಂದು ನೋಡುವವರು ಪವರ್ ಸೇವರ್ ಬಿಟ್ಟು ಪರ್ಫಾರ್ಮೆನ್ಸ್‌ಗೆ ಹೋಗಿ ನೋಡಬೇಕು. ಇಲ್ಲದಿದ್ದರೆ ಅಚ್ಚಾಗಿ ಬಂದ ಮೇಲೆ ಬಣ್ಣ ಬೇರೆಯೇ ಕಾಣುತ್ತದೆ.

ಎನ್‌ವಿಡಿಯಾ ಜೊತೆಗಿದ್ದರೆ

ಸೆಟ್ಟಿಂಗ್‌ನಿಂದ ನಿಜವಾದ ಲಾಭ ಸಿಗುವುದು ಇಲ್ಲಿ. ಎರಡು ಗ್ರಾಫಿಕ್ಸ್ ಇರುವ ಲ್ಯಾಪ್‌ಟಾಪಿನಲ್ಲಿ ಪ್ರೈಮ್ ಎಂಬ ಸಾಧನ ಮೂರು ಆಯ್ಕೆ ಕೊಡುತ್ತದೆ: ಒಳಗಿನ ಇಂಟೆಲ್ ಮಾತ್ರ, ಬೇಕೆಂದಾಗ ಎನ್‌ವಿಡಿಯಾ ಎನ್ನುವ ಆನ್-ಡಿಮಾಂಡ್, ಮತ್ತು ಸದಾ ಎನ್‌ವಿಡಿಯಾ. ಮಿಂಟ್‌ನಲ್ಲಿ ಇದಕ್ಕೆ ಕೆಳಗಿನ ಪಟ್ಟಿಯಲ್ಲೇ ಚಿಹ್ನೆ ಇರುತ್ತದೆ.

ಯಾವುದನ್ನು ಆರಿಸಬೇಕು ಎಂಬುದು ಕಾರ್ಡಿನ ತಲೆಮಾರಿನ ಮೇಲೆ ನಿಂತಿದೆ. ಟ್ಯೂರಿಂಗ್‌ನಿಂದ, ಅಂದರೆ ಜಿಟಿಎಕ್ಸ್ 16 ಮತ್ತು ಆರ್‌ಟಿಎಕ್ಸ್ 20 ಸರಣಿಯಿಂದ ಈಚೆಗಿನ ಲ್ಯಾಪ್‌ಟಾಪ್ ಕಾರ್ಡುಗಳು ಕೆಲಸವಿಲ್ಲದಾಗ ಪೂರ್ತಿ ವಿದ್ಯುತ್ ಕಡಿದುಕೊಂಡು ಮಲಗಬಲ್ಲವು. ಅಂಥ ಕಾರ್ಡ್ ಇರುವವರಿಗೆ ಆನ್-ಡಿಮಾಂಡ್. ಅದಕ್ಕಿಂತ ಹಳೆಯ ಕಾರ್ಡ್, ಉದಾಹರಣೆಗೆ ಜಿಟಿಎಕ್ಸ್ 10 ಸರಣಿ, ಆನ್-ಡಿಮಾಂಡ್‌ನಲ್ಲೂ ಅರೆನಿದ್ದೆಯಲ್ಲೇ ಇದ್ದು ಕೆಲವು ವ್ಯಾಟ್ ತಿನ್ನುತ್ತಲೇ ಇರುತ್ತದೆ. ಅವರು ಬ್ಯಾಟರಿ ಬೇಕಾದಾಗ ಇಂಟೆಲ್ ಮಾತ್ರ ಎಂಬುದಕ್ಕೆ ಹೋಗಬೇಕು. ಆದರೆ ಅನೇಕ ಲ್ಯಾಪ್‌ಟಾಪುಗಳಲ್ಲಿ ಎಚ್‌ಡಿಎಂಐ ಕಿಂಡಿಯ ತಂತಿ ಹೋಗಿರುವುದು ಎನ್‌ವಿಡಿಯಾ ಚಿಪ್‌ಗೆ. ಇಂಟೆಲ್ ಮಾತ್ರ ಇಟ್ಟುಕೊಂಡು ಕಾಲೇಜಿನ ಸಭಾಂಗಣಕ್ಕೆ ಹೋಗಿ ಪ್ರೊಜೆಕ್ಟರ್ ಜೋಡಿಸಿದರೆ ಚಿತ್ರ ಬರುವುದಿಲ್ಲ, ಬದಲಿಸಲು ಮರುಚಾಲನೆ ಮಾಡಬೇಕು. ಪಾಠ ಮಾಡುವವರು ಹಿಂದಿನ ರಾತ್ರಿಯೇ ಬದಲಿಸಿಟ್ಟುಕೊಳ್ಳಿ.

ಬ್ರಹ್ಮಾವರದ ಲ್ಯಾಪ್‌ಟಾಪಿಗೆ ಹಿಂತಿರುಗುತ್ತೇನೆ. ಅದರಲ್ಲಿ ಜಿಟಿಎಕ್ಸ್ 1650, ಟ್ಯೂರಿಂಗ್ ಕುಲದ್ದು. ಅವನ ಸಮಾಧಾನಕ್ಕೆ, ಮರುದಿನ ಕರೆಂಟ್ ಇದ್ದಾಗ, ಮೊದಲು ಕರ್ನೆಲ್ಲನ್ನೇ 6.8ರಿಂದ 6.11ಕ್ಕೆ ಏರಿಸಿದೆ. ಅಳತೆ 18ರಿಂದ 17.6. ಅದು ಲೆಕ್ಕಕ್ಕೆ ಬರುವ ವ್ಯತ್ಯಾಸವಲ್ಲ. ಆಮೇಲೆ ಪ್ರೈಮ್ ನೋಡಿದೆ. ಸದಾ ಎನ್‌ವಿಡಿಯಾ ಎಂದಿತ್ತು. ವಿಡಿಯೋ ಎಡಿಟ್ ಮಾಡುವಾಗ ಎಂದೋ ಬದಲಿಸಿ ಹಾಗೇ ಬಿಟ್ಟಿದ್ದ. ಆನ್-ಡಿಮಾಂಡ್ ಮಾಡಿ ಮರುಚಾಲನೆ ಮಾಡಿದೆ. 15 ವ್ಯಾಟ್. ಇನ್ನೂ ಹೆಚ್ಚೇ.

ಕಾರ್ಡ್ ಮಲಗಿದೆಯೇ ಎಂದು ನೋಡಲು ಎನ್‌ವಿಡಿಯಾ-ಎಸ್‌ಎಂಐ ಓಡಿಸಬೇಡಿ, ಅದು ಮಲಗಿದ ಕಾರ್ಡನ್ನೇ ಎಬ್ಬಿಸುತ್ತದೆ. ಬದಲಿಗೆ ಸಿಸ್ ಫೋಲ್ಡರಿನಲ್ಲಿ ಪಿಸಿಐ ಸಾಧನಗಳ ಕೆಳಗೆ, ಸಾಮಾನ್ಯವಾಗಿ 01:00.0 ಎಂದಿರುವ ಆ ಕಾರ್ಡಿನ ಫೋಲ್ಡರಿನಲ್ಲಿ, ಪವರ್ ಎಂಬುದರೊಳಗೆ ‘ರನ್‌ಟೈಮ್ ಸ್ಟೇಟಸ್’ ಎಂಬ ಫೈಲ್ ಓದಿ. ಸಸ್ಪೆಂಡೆಡ್ ಎಂದರೆ ಮಲಗಿದೆ. ಅವನದ್ದರಲ್ಲಿ ಆಕ್ಟಿವ್ ಎಂದಿತ್ತು. ಎನ್‌ವಿಡಿಯಾ ಡ್ರೈವರ್‌ನಲ್ಲಿ ‘ಡೈನಾಮಿಕ್ ಪವರ್ ಮ್ಯಾನೇಜ್‌ಮೆಂಟ್’ ಎಂಬ ಆಯ್ಕೆ ಇದೆ. ಟ್ಯೂರಿಂಗ್ ಆದ ಮೇಲಿನ ಆಂಪಿಯರ್ ತಲೆಮಾರು ಮತ್ತು ನಂತರದ ಲ್ಯಾಪ್‌ಟಾಪ್ ಕಾರ್ಡುಗಳಿಗೆ ಅದು ತಾನಾಗಿ ಆನ್ ಇರುತ್ತದೆ, ಟ್ಯೂರಿಂಗ್‌ಗೆ ನಾವು ಹೇಳಬೇಕಾಗಬಹುದು. ಮಾಡ್‌ಪ್ರೋಬ್ ಸೆಟ್ಟಿಂಗ್ ಫೈಲಿನಲ್ಲಿ ಅದಕ್ಕೆ 2 ಎಂಬ ಬೆಲೆ ಕೊಟ್ಟು, ಬೂಟ್ ಆಗುವಾಗ ಕರ್ನೆಲ್ ಮೊದಲು ಓದುವ ಇನಿಟ್‌ರಾಮ್‌ಎಫ್‌ಎಸ್ ಫೈಲನ್ನು ಹೊಸದು ಮಾಡಿ, ಮರುಚಾಲನೆ ಮಾಡಿದೆ. ಹತ್ತು ನಿಮಿಷ ಕಾದು ಫೈಲ್ ಓದಿದರೆ ಸಸ್ಪೆಂಡೆಡ್. ಬ್ಯಾಟರಿಯ ಅಳತೆ 9 ವ್ಯಾಟ್. ಅದೇ ಹಳೆ ಬ್ಯಾಟರಿ, ಎರಡು ಗಂಟೆಯ ಜಾಗದಲ್ಲಿ ನಾಲ್ಕು ಗಂಟೆ.

ನೂವೋ ಎಂಬ ಮುಕ್ತ ಡ್ರೈವರ್‌ನಲ್ಲಿ ಓಡಿಸುವವರಿಗೆ ಮಾತ್ರ ಕರ್ನೆಲ್ ಮತ್ತೆ ಮುಖ್ಯವಾಗುತ್ತದೆ. 6.7ರಿಂದ ಟ್ಯೂರಿಂಗ್ ಮತ್ತು ನಂತರದ ಕಾರ್ಡುಗಳ ವೇಗವನ್ನು ಕಂಪನಿಯ ಜಿಎಸ್‌ಪಿ ಫರ್ಮ್‌ವೇರ್ ಮೂಲಕ ಏರಿಳಿಸುವುದು ಅದಕ್ಕೆ ಸಾಧ್ಯವಾಗಿದೆ.

ಟಿಎಲ್‌ಪಿಯೋ, ಪವರ್ ಪ್ರೊಫೈಲ್ಸೋ

ಪವರ್ ಪ್ರೊಫೈಲ್ಸ್ ಡೀಮನ್ ಎಂದರೆ ಮೆನುವಿನಲ್ಲಿ ಕಾಣುವ ಸೇವರ್, ಬ್ಯಾಲೆನ್ಸ್ಡ್, ಪರ್ಫಾರ್ಮೆನ್ಸ್ ಎಂಬ ಮೂರು ಗುಂಡಿ. 2020ರ ನಂತರದ ಯಂತ್ರಗಳಿಗೆ ಅಷ್ಟು ಸಾಕು. ಟಿಎಲ್‌ಪಿ ಎಂಬ ವಿದ್ಯುತ್ ಉಳಿಸುವ ಸಾಧನ ಇನ್ನೂ ಸೂಕ್ಷ್ಮ, ಹಳೆ ಯಂತ್ರಗಳಲ್ಲಿ ಅದರಿಂದ ಒಂದೆರಡು ವ್ಯಾಟ್ ಉಳಿದದ್ದನ್ನು ಅಳೆದಿದ್ದೇನೆ. ಎರಡನ್ನೂ ಒಟ್ಟಿಗೆ ಓಡಿಸಬೇಡಿ, ಒಂದು ಕಟ್ಟಿದ್ದನ್ನು ಇನ್ನೊಂದು ಬಿಚ್ಚುತ್ತದೆ. ವಿದ್ಯುತ್ ಬಳಕೆ ತೋರಿಸುವ ಪವರ್‌ಟಾಪ್‌ನ ಆಟೋ-ಟ್ಯೂನ್ ಕಣ್ಣುಮುಚ್ಚಿ ಹಾಕಿದರೆ ಮೌಸ್ ಎರಡು ಸೆಕೆಂಡಿಗೊಮ್ಮೆ ನಿದ್ದೆಗೆ ಜಾರುತ್ತದೆ. ಅದನ್ನು ನೋಡಲು ಮಾತ್ರ ಬಳಸಿ.

ಟಿಎಲ್‌ಪಿಯ ಪರವಾಗಿ ನಾನು ಹೇಳುವ ದೊಡ್ಡ ಮಾತು ಚಾರ್ಜ್ ಮಿತಿಯದ್ದು. ನಮ್ಮ ಕಡೆ ಅಂಗಡಿ, ಕಚೇರಿಗಳಲ್ಲಿ ಲ್ಯಾಪ್‌ಟಾಪ್ ವರ್ಷವಿಡೀ ಚಾರ್ಜರ್‌ಗೆ ಕಟ್ಟಿಹಾಕಿರುತ್ತದೆ, ಏಪ್ರಿಲ್‌ನ ಸೆಖೆಯಲ್ಲೂ ಶೇಕಡಾ 100ರಲ್ಲೇ ನಿಂತಿರುತ್ತದೆ. ಬ್ಯಾಟರಿ ಬೇಗ ಸಾಯುವುದು ಅದರಿಂದ. 80ಕ್ಕೆ ನಿಲ್ಲಿಸಿದರೆ ಬಾಳಿಕೆ ಬರುತ್ತದೆ. 2025ರ ಮಾರ್ಚ್‌ನಲ್ಲಿ ಬಂದ ಗ್ನೋಮ್ 48 ಎಂಬ ಡೆಸ್ಕ್‌ಟಾಪ್ ಪರಿಸರದ ಸೆಟ್ಟಿಂಗ್ಸ್‌ನಲ್ಲೂ ಈಗ ಇದು ಇದೆ. ಆದರೆ ಎರಡಕ್ಕೂ ಕರ್ನೆಲ್ಲಿನಲ್ಲಿ ನಿಮ್ಮ ಲ್ಯಾಪ್‌ಟಾಪಿನ ಬೆಂಬಲ ಇರಬೇಕು. ಆಯ್ಕೆ ಕಾಣದಿದ್ದರೆ ಹೊಸ ಕರ್ನೆಲ್ ಪ್ರಯತ್ನಿಸಲು ಅದು ಒಳ್ಳೆಯ ಕಾರಣ. ಮಳೆಗಾಲದಲ್ಲಿ ನಾನು ಮಾತ್ರ ಮಿತಿಯನ್ನು 100ಕ್ಕೆ ಏರಿಸುತ್ತೇನೆ, ಕರೆಂಟಿನ ಭರವಸೆ ಇಲ್ಲದ ದಿನ ಆ 20 ಬೇಕಾಗುತ್ತದೆ.

ಇನ್ನೊಂದು, ಫ್ಯಾನಿನ ಜಾಲರಿ. ಕಡಲ ತೀರದ ತೇವ, ಧೂಳು ಸೇರಿ ಅಲ್ಲಿ ಬೂದುಬಣ್ಣದ ಕಂಬಳಿಯಂಥದ್ದು ಕಟ್ಟುತ್ತದೆ. ಎರಡು ವರ್ಷ ಬಿಚ್ಚದ ಲ್ಯಾಪ್‌ಟಾಪ್ ಬಿಸಿಯಾದರೆ ಮೊದಲು ಅದನ್ನು ಕ್ಲೀನ್ ಮಾಡಿಸಿ, ಆಮೇಲೆ ಕರ್ನೆಲ್ ಮಾತು.

ಅಪ್‌ಗ್ರೇಡ್ ಮಾಡುವ ದಿನ

ಒಂದು ಜುಲೈಯಲ್ಲಿ ಬ್ಯಾಟರಿ ಸತ್ತ ಯುಪಿಎಸ್‌ಗೆ ಜೋಡಿಸಿದ ಡೆಸ್ಕ್‌ಟಾಪಿನಲ್ಲಿ ಕರ್ನೆಲ್ ಅಪ್‌ಗ್ರೇಡ್ ಕೊಟ್ಟು ಚಹಾ ಕುಡಿಯಲು ಎದ್ದೆ. ಇನಿಟ್‌ರಾಮ್‌ಎಫ್‌ಎಸ್ ಕಟ್ಟುತ್ತಿದ್ದಾಗ ಕರೆಂಟ್ ಹೋಯಿತು. ಬಂದ ಮೇಲೆ ಆನ್ ಮಾಡಿದರೆ ಕರ್ನೆಲ್ ಪ್ಯಾನಿಕ್, ರೂಟ್ ಫೈಲ್ ವ್ಯವಸ್ಥೆ ಸಿಗುತ್ತಿಲ್ಲ ಎಂಬ ಸಂದೇಶ. ಹೊಸ ಕರ್ನೆಲ್ ಡಿಸ್ಕಿನಲ್ಲಿತ್ತು, ಅದರ ಜೊತೆ ಇರಬೇಕಾದ ಇನಿಟ್‌ರಾಮ್‌ಎಫ್‌ಎಸ್ ಇರಲಿಲ್ಲ. ಗ್ರಬ್‌ನ ಅಡ್ವಾನ್ಸ್ಡ್ ಆಪ್ಷನ್ಸ್‌ಗೆ ಹೋಗಿ ಹಳೆ ಕರ್ನೆಲ್ ಆರಿಸಿದೆ, ಎದ್ದಿತು. ಅಲ್ಲಿಂದ, ಪೊಟ್ಟಣಗಳನ್ನು ಹಾಕುವ ಡಿಪಿಕೆಜಿಗೆ ಅರ್ಧಕ್ಕೆ ನಿಂತ ಕೆಲಸ ಮುಗಿಸುವ ಆಜ್ಞೆ ಕೊಟ್ಟ ಮೇಲೆ ಎಲ್ಲ ಸರಿಯಾಯಿತು. ಹಳೆ ಕರ್ನೆಲ್ ಅಳಿಸಿದ್ದರೆ ಆ ಸಂಜೆ ಪೆನ್‌ಡ್ರೈವ್ ಹುಡುಕಬೇಕಿತ್ತು.

ಅದಕ್ಕೇ ಬ್ಯಾಟರಿ ತುಂಬಿರಲಿ, ಚಾರ್ಜರ್ ಇರಲಿ, ಗುಡುಗು ಶುರುವಾಗುವ ಮಧ್ಯಾಹ್ನದ ಮೇಲಿನ ಹೊತ್ತು ಬೇಡ. ಮಿಂಟ್‌ನವರು ಟೈಮ್‌ಶಿಫ್ಟ್‌ನಲ್ಲಿ ವ್ಯವಸ್ಥೆಯ ಒಂದು ಪ್ರತಿ ತೆಗೆದಿಟ್ಟುಕೊಳ್ಳಿ. ಬೂಟ್ ವಿಭಾಗ ಬೇರೆಯಾಗಿರುವ ಯಂತ್ರದಲ್ಲಿ ಜಾಗ ಎಷ್ಟಿದೆ ನೋಡಿ, ತುಂಬಿದ್ದರೆ ಕಟ್ಟುವ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಹೊಸ ಕರ್ನೆಲ್ಲಿಗೆ ಹೋದ ಮೇಲೆ ಲ್ಯಾಪ್‌ಟಾಪ್ ಮುಚ್ಚಿ ತೆರೆದು ನೋಡಿ, ಹೊರಗಿನ ಮಾನಿಟರ್ ಜೋಡಿಸಿ ನೋಡಿ, ವೈಫೈ ನೋಡಿ, ಕಾಗದದಲ್ಲಿ ಬರೆದಿಟ್ಟ ವ್ಯಾಟ್ ಸಂಖ್ಯೆಯ ಪಕ್ಕದಲ್ಲಿ ಹೊಸದನ್ನು ಬರೆಯಿರಿ. ಆ ದಿನ ಬೇರೆ ಯಾವ ಸೆಟ್ಟಿಂಗೂ ಬದಲಿಸಬೇಡಿ, ಬದಲಿಸಿದರೆ ಯಾವುದರಿಂದ ಏನಾಯಿತು ಎಂದು ಗೊತ್ತಾಗುವುದಿಲ್ಲ.

ಒಂದು ವಾರ ಬಳಸಿಯೂ ಹೊಂದಿಕೆಯಾಗದಿದ್ದರೆ ಹಿಂದೆ ಬರುವುದು ಕಷ್ಟವಲ್ಲ. ಮಿಂಟ್‌ನಲ್ಲಿ ಹಳೆ ಕರ್ನೆಲ್ಲಿಗೆ ಬೂಟ್ ಆಗಿ, ಅದೇ ಕರ್ನೆಲ್ ಪಟ್ಟಿಯಿಂದ ಹೊಸದನ್ನು ತೆಗೆಯಿರಿ. ಉಬುಂಟುವಿನಲ್ಲಿ ಮೊದಲು ಲಿನಕ್ಸ್-ಜೆನೆರಿಕ್ ಪೊಟ್ಟಣ ಹಾಕಿ, ಅದಕ್ಕೆ ಬೂಟ್ ಆಗಿ, ಆಮೇಲೆ ಎಚ್‌ಡಬ್ಲ್ಯುಇ ಪೊಟ್ಟಣವನ್ನೂ ಅದು ತಂದ ಕರ್ನೆಲ್ಲನ್ನೂ ತೆಗೆಯಿರಿ. ಈ ಕ್ರಮ ತಿರುವುಮುರುವು ಮಾಡಬೇಡಿ, ಓಡುತ್ತಿರುವ ಕರ್ನೆಲ್ಲನ್ನೇ ಅಳಿಸಲು ಹೋದರೆ ವ್ಯವಸ್ಥೆ ಎಚ್ಚರಿಕೆ ಕೊಡುತ್ತದೆ, ಅಲ್ಲಿ ಬೇಡ ಎಂದೇ ಒತ್ತಿ.